ಹಾರಸಂಖ್ಯೆಯೂ ಎರಡು ನಯಗಳೂ

ಹಿಂದೂಪುರ, ಕಲ್ಯಾಣದುರ್ಗಗಳ ಸೀಮೆ ಇಂದು ಆಂಧ್ರಪ್ರದೇಶಕ್ಕೆ ಸೇರಿದ್ದರೂ, ಶಾಸನಗಳಲ್ಲಿ ಹೆಂಜೇರು ಎಂದು ಕಾಣುವ ಹೇಮಾವತಿಯಿಂದ ಆಳಿದ ನೊಳಂಬರ ಕನ್ನಡ ಶಾಸನಗಳು ಹರಡಿಕೊಂಡಿರುವ ನಾಡು ಅದು. ಕಲ್ಯಾಣದುರ್ಗವಿರುವ ಅನಂತಪುರ ಜಿಲ್ಲೆಯಲ್ಲೇ, ಗುಂತಕಲ್ಲಿಗೆ ಸಮೀಪದ ಕೊನಕೊಂಡ್ಲ ಅಥವಾ ಕೊಂಡಕುಂದೆಯನ್ನು 'ಸಮಯಸಾರ'ದ ಕರ್ತೃ ಕುಂದಕುಂದಾಚಾರ್ಯರ ನೆಲೆಯೆಂದು ಪರಂಪರೆ ಗುರುತಿಸುತ್ತದೆ. ವಸ್ತುವನ್ನು ಅದರ ಸ್ವಭಾವದಲ್ಲಿಯೇ ಗ್ರಹಿಸುವ ನಿಶ್ಚಯನಯ, ಅನ್ಯಸಂಬಂಧಗಳ ಮೂಲಕ ನಿರೂಪಿಸುವ ವ್ಯವಹಾರನಯ ಎಂದು ಆಚಾರ್ಯರು ಎರಡು ದೃಷ್ಟಿಗಳನ್ನು ಬೇರ್ಪಡಿಸಿದ್ದು ಆತ್ಮವಿಚಾರಕ್ಕಾಗಿ. ಆದರೆ ಸಂಖ್ಯೆಯ ಸ್ವರೂಪವನ್ನು ಕೇಳುವವನಿಗೂ ಆ ವಿವೇಕ ಬೇಕಾಗುತ್ತದೆ.

9ನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಆಳ್ವಿಕೆಯನ್ನು ಹೊಗಳಿ 'ಗಣಿತಸಾರಸಂಗ್ರಹ'ವನ್ನು ಆರಂಭಿಸುವ ಜೈನ ಗಣಿತಜ್ಞ ಮಹಾವೀರಾಚಾರ್ಯ, ಏಕದಿಂದ ಮಹಾಕ್ಷೋಭದವರೆಗೆ 24 ಸ್ಥಾನಗಳನ್ನು ಹೆಸರಿಸಿ, ಗುಣಲಬ್ಧವು ಹಾರದಂತೆ ಎರಡು ತುದಿಗಳಿಂದಲೂ ಒಂದೇ ಬಗೆಯಾಗಿ ಓದಿಸಿಕೊಳ್ಳುವ ಲೆಕ್ಕಗಳನ್ನು ಕೊಡುತ್ತಾನೆ. 142857143ನ್ನು 7ರಿಂದ ಗುಣಿಸಿದರೆ 1000000001; 27994681ನ್ನು 441ರಿಂದ ಗುಣಿಸಿದರೆ 12345654321. ಒಂದರಿಂದ ಆರಕ್ಕೇರಿ ಮತ್ತೆ ಒಂದಕ್ಕಿಳಿಯುವ ಈ ಎರಡನೆಯ ಸಂಖ್ಯೆಯನ್ನು ಕಂಡವರಿಗೆ ಅದರ ಹಿಂದೆ ಯಾವುದೋ ದೈವೀ ಸಂಕಲ್ಪವಿದೆಯೆಂದು ತೋರಿದರೆ ಆಶ್ಚರ್ಯವಿಲ್ಲ.

ಆದರೆ ಈ ಹಾರ ಯಾರದು, ಸಂಖ್ಯೆಯದೋ ಬರವಣಿಗೆಯದೋ? ಹತ್ತರ ಬದಲು ಎರಡನ್ನು ಆಧಾರವಾಗಿಟ್ಟು, 0 ಮತ್ತು 1 ಎಂಬ ಎರಡೇ ಅಂಕಿಗಳಿಂದ ಬರೆದರೆ ಇದು 34 ಅಂಕಿಗಳಷ್ಟು ಉದ್ದವಾಗುತ್ತದೆ. ಮೊದಲ ಮೂರು ಅಂಕಿಗಳು 101, ಕೊನೆಯ ಮೂರು 001 ಆಗುವುದರಿಂದ ಹಾರ ಅಲ್ಲಿಯೇ ಹರಿಯುತ್ತದೆ. ಹಾಗಿದ್ದರೂ ಅದು 111111ರ ವರ್ಗವೆಂಬುದು, ತನ್ನಿಂದಲೂ ಒಂದರಿಂದಲೂ ಹೊರತು ಬೇರಾವುದರಿಂದಲೂ ನಿಶ್ಶೇಷವಾಗಿ ಭಾಗವಾಗದ ಅವಿಭಾಜ್ಯಗಳಾದ 3, 7, 11, 13, 37 ಇವುಗಳ ವರ್ಗಗಳ ಗುಣಲಬ್ಧವೆಂಬುದು, ಅದಕ್ಕೆ ಒಟ್ಟು 243 ಭಾಜಕಗಳಿವೆಯೆಂಬುದು ಯಾವ ಲಿಪಿಯಲ್ಲಿ ಬರೆದರೂ ಕದಲುವುದಿಲ್ಲ. ಹಾರವು ವ್ಯವಹಾರಕ್ಕೆ ಸೇರಿದ್ದು, ಭಾಜಕಗಳು ನಿಶ್ಚಯಕ್ಕೆ.

ಇಷ್ಟರಿಂದ ಹಾರವನ್ನು ಸುಳ್ಳೆಂದು ತಳ್ಳುವುದು ಆತುರವಾದೀತು. ವ್ಯವಹಾರವಿಲ್ಲದೆ ಪರಮಾರ್ಥವನ್ನು ಬೋಧಿಸಲಾಗದು, ಅನ್ಯಭಾಷಿಕನಿಗೆ ಅವನ ಭಾಷೆಯಲ್ಲಿಯೇ ಹೇಳಬೇಕಾಗುತ್ತದೆ ಎಂಬುದನ್ನು ಕುಂದಕುಂದರೇ ಒಪ್ಪುತ್ತಾರೆ; ಸ್ಥಾನಪದ್ಧತಿಯ ಆ ಸೊಗಸಿಲ್ಲದಿದ್ದರೆ 441 ಈ ಸಂಖ್ಯೆಯಲ್ಲಿ ಅಡಗಿದೆಯೇ ಎಂದು ಹುಡುಕುವ ಕುತೂಹಲವೇ ಹುಟ್ಟುತ್ತಿರಲಿಲ್ಲ. ಇನ್ನು ಗಾತ್ರದ ಮಾತು: ಜೈನ ಗಣನೆಯಲ್ಲಿ ಸಂಖ್ಯಾತ, ಅಸಂಖ್ಯಾತ, ಅನಂತ ಎಂಬ ಮೂರು ವರ್ಗಗಳಿರುವುದರಿಂದ, ಮಹಾಕ್ಷೋಭವಾದರೂ ಎಣಿಕೆಗೆ ಸಿಗುವ ಸಂಖ್ಯಾತದಲ್ಲಿಯೇ ಉಳಿಯುತ್ತದೆ, ಎಷ್ಟು ಸೊನ್ನೆಗಳನ್ನು ಸೇರಿಸಿದರೂ ಅನಂತದ ಅಂಶವಾಗುವುದಿಲ್ಲ. ದೊಡ್ಡ ಸಂಖ್ಯೆಯ ಚಮತ್ಕಾರದಲ್ಲಿ ದೈವದ ಸಾಕ್ಷ್ಯವನ್ನು ಅರಸುವವರಿಗೆ ಮಹಾವೀರಾಚಾರ್ಯನಿಂದ ಆಸರೆ ದೊರೆಯದು: ಜಿನನಿಗೆ ನಮಿಸಿ ಗ್ರಂಥವನ್ನು ತೊಡಗಿದ ಆತ ಈ ಹಾರಗಳನ್ನು ಇರಿಸಿದ್ದು ಸ್ತುತಿಭಾಗದಲ್ಲಲ್ಲ, ಗುಣಾಕಾರದ ಅಭ್ಯಾಸಗಳಲ್ಲಿ.