ಮರದ ಸಪ್ಪಳಕ್ಕೆ ಕಿವಿಗೊಡಬಹುದೋ?



ಹರಿಹರ ದಾವಣಗೆರೆಗಳ ಸುತ್ತಣ ಹಳ್ಳಿಗಳಲ್ಲಿ ಅರಳಿಯ ಕಟ್ಟೆಯಿಲ್ಲದ ಊರು ವಿರಳ. ಅರಳಿಗೂ ಬೇವಿಗೂ ಮದುವೆಮಾಡಿ, ಬುಡದಲ್ಲಿ ನಾಗರಕಲ್ಲು ನಿಲ್ಲಿಸಿ, ನೂಲು ಸುತ್ತಿ ಪ್ರದಕ್ಷಿಣೆ ಮಾಡುವದು ನಮ್ಮ ಹಿರಿಯರ ಪದ್ಧತಿಯಾಗಿತ್ತು. ಕರ್ತನನ್ನು ಅರಿತ ಮೇಲೆ ನಾವು ಅದನ್ನು ಬಿಟ್ಟೆವು, ಬಿಟ್ಟದ್ದು ಯುಕ್ತವೇ. ಆದರೆ ಪೂಜೆಯನ್ನು ಬಿಟ್ಟವರಲ್ಲಿ ಕೆಲವರು ನೆರಳನ್ನೂ ಬಿಟ್ಟಿದ್ದಾರೆ. ಕಟ್ಟೆಯ ಮೇಲೆ ಕೂತು ಎಲೆಗಳ ಸಪ್ಪಳವನ್ನು ಕೇಳಿದರೆ ಹಳೇ ಬಂಧನಕ್ಕೆ ತಿರುಗಿ ಬಿದ್ದಂತಾಗುವದೋ ಎಂದು ಅಂಜುತ್ತಾರೆ. ಈ ಅಂಜಿಕೆಯನ್ನು ನಾವು ಹಗುರವಾಗಿ ಎಣಿಸಲಾರೆವು. ಆ ಪೂಜೆಯನ್ನು ಬಿಟ್ಟದ್ದಕ್ಕಾಗಿ ನೆಂಟರನ್ನೇ ಕಳಕೊಂಡವರು ನಮ್ಮ ಸಭೆಗಳಲ್ಲಿದ್ದಾರೆ.

ದಾವೀದನ ಸಂಗತಿಯನ್ನು ನೋಡಿರಿ. ರೆಫಾಯೀಮ್ ತಗ್ಗಿನಲ್ಲಿ ಫಿಲಿಷ್ಟಿಯರು ಎರಡನೆಯ ಸಾರಿ ಬಂದಿಳಿದಾಗ, ನೆಟ್ಟಗೆ ಅವರ ಮೇಲೆ ಹೋಗದೆ, ಮರಗಳ ತುದಿಯಲ್ಲಿ ಹೆಜ್ಜೆಯ ಸಪ್ಪಳವು ಕೇಳಿಸುವ ವರೆಗೆ ಕಾದಿರಬೇಕೆಂದು ದೇವರು ಅವನಿಗೆ ಅಪ್ಪಣೆಕೊಟ್ಟನೆಂಬದಾಗಿ ಎರಡನೆಯ ಸಮುವೇಲನ 5ನೆಯ ಅಧ್ಯಾಯವು ತಿಳಿಸುತ್ತದೆ. ದಾವೀದನು ಮರಕ್ಕೆ ಅಡ್ಡಬೀಳಲಿಲ್ಲ. ಆದರೂ ಕಿವಿಯನ್ನು ಅದರ ತುದಿಗೆ ಇಟ್ಟುಕೊಂಡೇ ಇದ್ದನು. ಯುದ್ಧಕ್ಕೆ ಸಿದ್ಧನಾಗಿದ್ದ ಅರಸನಿಗೆ ಸುಮ್ಮನೆ ನಿಲ್ಲುವದು ಸುಲಭವೇ? ಮರವನ್ನು ಪೂಜಿಸುವವನು ಅದರಿಂದ ಮಕ್ಕಳನ್ನೋ ಮಳೆಯನ್ನೋ ಬೇಡುತ್ತಾನೆ. ಕಿವಿಗೊಡುವವನು ಏನನ್ನೂ ಬೇಡುವದಿಲ್ಲ. ಬಾಯಿ ಮುಚ್ಚಿಕೊಂಡು, ಸೃಷ್ಟಿಸಿದಾತನ ಕೆಲಸವನ್ನು ಗಮನಿಸುತ್ತಾನೆ. ನಮ್ಮ ಪ್ರಾರ್ಥನೆಗಳಲ್ಲಿಯೂ ಬಾಯಿಯ ಕೆಲಸವೇ ಹೆಚ್ಚೆಂದು ತೋರುತ್ತದೆ.

ಅರಳಿಯ ಎಲೆಗೆ ತೊಟ್ಟು ಉದ್ದ ಮತ್ತು ಸಪುರ. ಆದದರಿಂದ ಬೇರೆ ಮರಗಳು ಅಲುಗದಷ್ಟು ಮಂದವಾದ ಗಾಳಿಗೂ ಅದು ಪಟಪಟನೆ ಸದ್ದುಮಾಡುತ್ತದೆ. ಇದನ್ನು ದೆವ್ವವೆಂದು ಹೆದರಿದವರಿದ್ದಾರೆ. ತೆಂಗಿನ ಗರಿಯ ಸದ್ದು ಮಳೆ ಬಂದಂತೆ. ಕಣ್ಣು ಮುಚ್ಚಿಕೊಂಡು ಕೇಳಿದರೆ ಇಂಥ ಮರವೆಂದು ಕೆಲವು ದಿನಗಳಲ್ಲಿ ಗುರುತು ಸಿಕ್ಕುವದು. 2023ರಲ್ಲಿ ಇಸ್ರಾಯೇಲ್ ದೇಶದ ಟೆಲ್ ಅವೀವ್ ವಿಶ್ವವಿದ್ಯಾಲಯದ ಪಂಡಿತರು, ನೀರಿಲ್ಲದೆ ಒಣಗುವ ಟೊಮೇಟೊ ಮತ್ತು ಹೊಗೆಸೊಪ್ಪಿನ ಗಿಡಗಳು ಮನುಷ್ಯನ ಕಿವಿಗೆ ನಿಲುಕದ ಚಿಟಚಿಟ ಶಬ್ದವನ್ನು ಹೊರಡಿಸುವವೆಂದು ಪ್ರಕಟಿಸಿದರು. ಅದು ಮಾತಲ್ಲ, ನೀರಿನ ನಾಳಗಳೊಳಗೆ ಗಾಳಿಯ ಗುಳ್ಳೆಗಳು ಒಡೆಯುವದೇ ಕಾರಣವಿರಬಹುದೆಂದು ಅವರ ಊಹೆ. ಬೆಳೆ ಬಾಡುವದನ್ನು ಕಣ್ಣಿಂದ ಬಲ್ಲ ಒಕ್ಕಲಿಗನಿಗೆ ಇದು ವಿಚಿತ್ರವಾಗಿ ತೋರಲಾರದು.

ವಿದ್ಯಾನಗರದಂಥ ಬಡಾವಣೆಗಳಲ್ಲಿದ್ದು ಓದುವ ನಿಮ್ಮ ಮಕ್ಕಳ ಕಿವಿಗಳಲ್ಲಿ ಮೋಟಾರುಗಳ ಗದ್ದಲವೇ ತುಂಬಿರುತ್ತದೆ. ರಜೆಯಲ್ಲಿ ಊರಿಗೆ ಬಂದಾಗ ಅವರನ್ನು ಕರಕೊಂಡು ಹೋಗಿ ಅರ್ಧ ತಾಸು ಮರದ ಕೆಳಗೆ ಕೂರಿಸಿರಿ. ಪೂಜೆಯ ದಿನ ಮಾತ್ರ ಕಟ್ಟೆಗೆ ಹೋಗುವದು ಬೇಡ. ಹೊಸದಾಗಿ ಸಭೆ ಸೇರಿದವನು ನೋಡಿ ತಪ್ಪು ತಿಳಿದಾನು. ಅಂದು ಹೊಲದ ಬದುವಿನ ಹುಣಸೆಯೇ ಸಾಕು. ಅದರ ಎಲೆ ಸಣ್ಣದು, ಸಪ್ಪಳವೂ ಸಣ್ಣದು. ಬುಡಕ್ಕೆ ಒತ್ತಿಕೊಂಡು ಕೂರಬೇಕು.