ಎದ್ದು ನಿಲ್ಲದವನ ಪ್ರಶ್ನೆ

ರಾಷ್ಟ್ರಗೀತೆಯನ್ನು ಹಾಡುತ್ತಿರುವಾಗ ಎದ್ದು ನಿಲ್ಲದವನು ರಾಷ್ಟ್ರವನ್ನು ಅವಮಾನಿಸಿದಂತಾಯಿತೆ? ಮೊದಲ ನೋಟಕ್ಕೆ ಈ ಪ್ರಶ್ನೆಗೆ ಉತ್ತರವನ್ನು ಹುಡುಕುವ ಶ್ರಮವೇ ಬೇಡವೆಂದು ತೋರುವುದು. ಹಿರಿಯರು ಬಂದಾಗ ಏಳದವನು ಅವಿನೀತನೆಂದು ಬಾಲ್ಯದಿಂದಲೇ ಕಲಿತವರು ನಾವು. ಪಾಠಶಾಲೆಯಲ್ಲಿ ಪ್ರತ್ಯುತ್ಥಾನ ಅಭಿವಾದನಗಳ ಶಿಕ್ಷಣವು ಶಬ್ದರೂಪಗಳ ಶಿಕ್ಷಣಕ್ಕಿಂತ ಮೊದಲಿನದು. ಒಬ್ಬ ವ್ಯಕ್ತಿಗೆ ಸಲ್ಲುವ ಮರ್ಯಾದೆ ದೇಶಕ್ಕೆ ಸಲ್ಲಬಾರದೆ? ನಾನೂ ಬಹುಕಾಲ ಹೀಗೆಯೇ ತಿಳಿದಿದ್ದೆನು. ಅಮೆರಿಕದಲ್ಲಿ ನಡೆದ ಒಂದು ಪ್ರಸಂಗದ ಪೂರ್ವಾಪರಗಳನ್ನು ವಿಚಾರಿಸತೊಡಗಿದ ಮೇಲೆ ಆ ತಿಳಿವಳಿಕೆ ಸಡಿಲವಾಯಿತು. ದೂರದ ದೇಶದ ಜಗಳವು ನಮಗೇತಕ್ಕೆಂದು ವಾಚಕರು ಕೇಳಬಹುದು. ಅದು ನನ್ನ ಮನೆಯ ಬಾಗಿಲಿಗೆ ಹೇಗೆ ಬಂದಿತೆಂಬುದನ್ನು ಕೊನೆಯಲ್ಲಿ ಹೇಳುವೆನು.

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವುದು ನಾವು ಬಲ್ಲ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಗಳ ವ್ಯೂಹವನ್ನು ಭೇದಿಸಿಕೊಂಡು ಓಡುವ ಆಟವದು. ಕಾಲಿಗೆ ಅಲ್ಲಿ ಕೆಲಸ ಕಡಮೆ, ಹೆಸರು ಮಾತ್ರ ಕಾಲಿನದು. ಆ ದೇಶದಲ್ಲಿ ಇದಕ್ಕಿಂತ ಜನಪ್ರಿಯವಾದ ವಿನೋದವು ಬೇರೊಂದಿಲ್ಲ. ಪ್ರತಿಯೊಂದು ಪಂದ್ಯಕ್ಕೂ ಮುಂಚೆ ಅವರ ರಾಷ್ಟ್ರಗೀತೆಯನ್ನು ಹಾಡುವ ವಾಡಿಕೆಯುಂಟು. 2016ನೆಯ ಇಸವಿಯ ಆಗಸ್ಟ್ ತಿಂಗಳಿನಲ್ಲಿ, ಸ್ಯಾನ್ ಫ್ರಾನ್ಸಿಸ್ಕೊ ನಗರದ ತಂಡದ ಕಾಲಿನ್ ಕೆಪರ್ನಿಕ್ ಎಂಬ ಕಪ್ಪು ಜನಾಂಗದ ಆಟಗಾರನು ಆ ಸಮಯದಲ್ಲಿ ಏಳದೆ ತನ್ನ ಪೀಠದಲ್ಲಿಯೇ ಕುಳಿತಿದ್ದನು. ಅದಕ್ಕೆ ಹಿಂದಿನ ಎರಡು ಪಂದ್ಯಗಳಲ್ಲಿಯೂ ಆತನು ಹೀಗೆಯೇ ಕುಳಿತಿದ್ದರೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ. 26ನೆಯ ತಾರೀಖಿನಂದು ಬಿದ್ದಿತು. ಪತ್ರಕರ್ತರೊಬ್ಬರು ಕಾರಣವನ್ನು ಕೇಳಿದರು. ಕಪ್ಪು ಜನರನ್ನು ಪೀಡಿಸುವ ದೇಶದ ಧ್ವಜಕ್ಕಾಗಿ ಹೆಮ್ಮೆಪಟ್ಟು ನಿಲ್ಲಲಾರೆನೆಂದೂ, ಪೊಲೀಸರ ಕೈಯಲ್ಲಿ ಜನ ಸಾಯುತ್ತಿದ್ದರೂ ಕೊಂದವರಿಗೆ ಶಿಕ್ಷೆಯಾಗುತ್ತಿಲ್ಲವೆಂದೂ ಆತನು ಉತ್ತರಕೊಟ್ಟನು. ಅಷ್ಟಾದುದೇ ತಡ, ದೇಶವೆಲ್ಲ ಎರಡಾಗಿ ಸೀಳಿತು.

ಈ ಸೀಳಿನ ಕಥೆಯನ್ನು ಎಲ್ಲರೂ ಬಲ್ಲರು. ಅದರ ನಡುವೆ ನಡೆದ ಒಂದು ಸಣ್ಣ ಸಂಗತಿಯನ್ನು ಬಲ್ಲವರು ಕಡಮೆ. ನನ್ನ ಮನಸ್ಸನ್ನು ಹಿಡಿದದ್ದು ಅದೇ. ನೇಟ್ ಬೋಯರ್ ಎಂಬಾತನು ಅಮೆರಿಕದ ಸೈನ್ಯದ ವಿಶೇಷದಳದಲ್ಲಿ ಸೇವೆಸಲ್ಲಿಸಿ ನಿವೃತ್ತನಾದವನು. ಸ್ವಲ್ಪಕಾಲ ಈ ಆಟವನ್ನೂ ಆಡಿದವನು. ಕೆಪರ್ನಿಕನ ಸುದ್ದಿಯನ್ನು ಕೇಳಿ ಆತನು ಒಂದು ಬಹಿರಂಗ ಪತ್ರವನ್ನು ಬರೆದನು. ತನಗೆ ಕೋಪಬಂದಿತೆಂಬುದನ್ನು ಅದರಲ್ಲಿ ಮುಚ್ಚಿಡಲಿಲ್ಲ. ಆದರೂ ಕೇಳಲು ಸಿದ್ಧನಾಗಿರುವೆನೆಂದು ಬರೆದನು. ಕೆಪರ್ನಿಕನು ಆತನನ್ನು ಕರೆಸಿಕೊಂಡನು. ಇಬ್ಬರೂ ಕುಳಿತು ಮಾತನಾಡಿದರು. ಕುಳಿತಿರುವುದಕ್ಕಿಂತ ಒಂದು ಮೊಣಕಾಲನ್ನೂರುವುದು ಲೇಸೆಂದೂ, ಸತ್ತ ಸಂಗಾತಿಯ ಸಮಾಧಿಯ ಮುಂದೆ ಸೈನಿಕರು ಹಾಗೆ ಮೊಣಕಾಲೂರುವರೆಂದೂ ಬೋಯರನು ಸೂಚಿಸಿದನು. ಸೆಪ್ಟೆಂಬರ್ 1ನೆಯ ತಾರೀಖು ಸ್ಯಾನ್ ಡಿಯಾಗೊ ನಗರದ ಪಂದ್ಯದಲ್ಲಿ ಗೀತೆ ಮೊದಲಾದಾಗ ಕೆಪರ್ನಿಕನು ಮೊಣಕಾಲೂರಿದನು. ಆತನ ಪಕ್ಕದಲ್ಲಿಯೇ ಬೋಯರನು ಎದೆಯಮೇಲೆ ಕೈಯಿಟ್ಟು ನೆಟ್ಟಗೆ ನಿಂತಿದ್ದನು.

ಈ ಚಿತ್ರವನ್ನು ವಾಚಕರು ಮನಸ್ಸಿನಲ್ಲಿ ತಂದುಕೊಳ್ಳಬೇಕು. ಒಬ್ಬನು ನಿಂತಿದ್ದಾನೆ, ಒಬ್ಬನು ಮಂಡಿಯೂರಿದ್ದಾನೆ. ಇಬ್ಬರ ಅಭಿಪ್ರಾಯವೂ ಒಂದಾಗಲಿಲ್ಲ. ನಿಂತವನು ಧ್ವಜಕ್ಕೆ ವಂದಿಸುವುದನ್ನು ಬಿಡಲಿಲ್ಲ, ಮಂಡಿಯೂರಿದವನು ತನ್ನ ದೂರನ್ನು ಬಿಡಲಿಲ್ಲ. ಆದರೆ ಒಬ್ಬನು ಕೇಳಿದ್ದರಿಂದ ಇನ್ನೊಬ್ಬನ ಪ್ರತಿಭಟನೆಯ ರೂಪವೇ ಬದಲಾಯಿತು. ಔದಾಸೀನ್ಯದಂತೆ ಕಾಣುತ್ತಿದ್ದುದು ಶೋಕದಂತೆ ಕಾಣತೊಡಗಿತು. ದೇಶದಲ್ಲಿ ಉಳಿದವರು ಪರಸ್ಪರ ಕಿರಿಚಾಡುತ್ತಿದ್ದಾಗ ಇವರಿಬ್ಬರೇ ಸಂಭಾಷಣೆಯೆಂಬ ಕಾರ್ಯವನ್ನು ಮಾಡಿದರೆಂದು ನನಗೆ ತೋರುತ್ತದೆ.

ಕೆಪರ್ನಿಕನನ್ನು ನಾನು ಮಹಾತ್ಮನೆಂದು ಹೊಗಳಲು ಹೊರಟಿಲ್ಲ. ಆ ಕಾಲದಲ್ಲಿಯೇ ಆತನು ಪೊಲೀಸರನ್ನು ಹಂದಿಗಳಂತೆ ಚಿತ್ರಿಸಿದ ಕಾಲುಚೀಲಗಳನ್ನು ತೊಟ್ಟಿದ್ದನು. ಅದು ಹೀನಾಯವಾದ ಕೆಲಸ. ಆ ವರ್ಷದ ಅಧ್ಯಕ್ಷ ಚುನಾವಣೆಯಲ್ಲಿ ತಾನು ಮತವನ್ನೇ ಕೊಡಲಿಲ್ಲವೆಂದು ಹೇಳಿಕೊಂಡನು. ಅದೂ ನನಗೆ ರುಚಿಸಲಿಲ್ಲ. ಆದರೆ ಹತ್ತು ಲಕ್ಷ ಡಾಲರುಗಳನ್ನು ದಾನಮಾಡುವೆನೆಂದು ಹೇಳಿ ಹಾಗೆಯೇ ಮಾಡಿದನು. ತನ್ನ ಜೀವನೋಪಾಯವನ್ನೂ ಪಣವಾಗಿಟ್ಟನು. 2017ರ ಜನವರಿ 1ನೆಯ ತಾರೀಖಿನ ತರುವಾಯ ಯಾವ ತಂಡವೂ ಆತನನ್ನು ಆಟಕ್ಕೆ ಇಳಿಸಲಿಲ್ಲ. ದೋಷವುಳ್ಳವನು ಎತ್ತಿದ ಪ್ರಶ್ನೆಯೆಲ್ಲ ದುಷ್ಟಪ್ರಶ್ನೆಯಾಗುವುದಾದರೆ ಲೋಕದಲ್ಲಿ ಪ್ರಶ್ನೆಯೆತ್ತುವ ಅಧಿಕಾರ ಯಾರಿಗೆ ಉಳಿಯುವುದು?

ಎದುರು ಪಕ್ಷದವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಯುದ್ಧದಲ್ಲಿ ಮಡಿದ ಸೈನಿಕನ ಶವಪೆಟ್ಟಿಗೆಯ ಮೇಲೆ ಹೊದಿಸಿದ ಧ್ವಜವನ್ನು ಮಡಿಚಿ ಅವನ ಹೆಂಡತಿಗೋ ತಾಯಿಗೋ ಕೊಡುವ ಪದ್ಧತಿ ಅಲ್ಲಿಯದು. ಆ ಬಟ್ಟೆಯನ್ನು ಕಪಾಟಿನಲ್ಲಿಟ್ಟುಕೊಂಡಿರುವ ತಾಯಿಗೆ ಮಂಡಿಯೂರಿದವನನ್ನು ಕಂಡು ಎದೆ ಉರಿದರೆ ಆ ಉರಿ ಸುಳ್ಳಲ್ಲ. ಆಟ ನೋಡಲು ಬಂದವನಿಗೆ ಉಪದೇಶವೇಕೆಂಬ ಮಾತು ಮಾತ್ರ ಅಷ್ಟು ಗಟ್ಟಿಯಾದುದಲ್ಲ. ಹಣಕೊಟ್ಟು ಆಟಗಾರನ ತೋಳನ್ನೂ ಕಾಲನ್ನೂ ಕೊಂಡವನು ಅವನ ನಾಲಗೆಯನ್ನೂ ಕೊಂಡೆನೆಂದು ತಿಳಿಯುವುದು ಯಜಮಾನನ ಹಳೆಯ ಭ್ರಮೆ. ಕಪ್ಪು ಜನರ ಮಟ್ಟಿಗೆ ಆ ದೇಶದಲ್ಲಿ ಅದು ಬರಿಯ ಉಪಮಾನವೂ ಅಲ್ಲ. ಅವರ ರಾಷ್ಟ್ರಗೀತೆಯನ್ನು 1814ರಲ್ಲಿ ಬರೆದ ಫ್ರಾನ್ಸಿಸ್ ಸ್ಕಾಟ್ ಕೀ ಎಂಬವರೇ ಗುಲಾಮರನ್ನು ಇಟ್ಟುಕೊಂಡಿದ್ದವರು.

ಇದು ಒಬ್ಬನ ಹುಚ್ಚೆನ್ನುವಂತೆಯೂ ಇಲ್ಲ. ಬೇಸ್‌ಬಾಲ್ ಆಟದ ದೊಡ್ಡ ತಂಡಗಳಲ್ಲಿ ಕಪ್ಪು ಜನರಿಗಿದ್ದ ಬಹಿಷ್ಕಾರವನ್ನು 1947ರಲ್ಲಿ ಮುರಿದ ಜ್ಯಾಕಿ ರಾಬಿನ್‌ಸನ್, ತಾನು ಎದ್ದುನಿಂತು ಆ ಗೀತೆಯನ್ನು ಹಾಡಲಾರೆನೆಂದು 1972ರ ಆತ್ಮಕಥೆಯಲ್ಲಿ ಬರೆದಿರುವನು. ಆತನು ಸೈನ್ಯದಲ್ಲಿ ಅಧಿಕಾರಿಯಾಗಿದ್ದವನು. 1968ರ ಅಕ್ಟೋಬರಿನಲ್ಲಿ ಮೆಕ್ಸಿಕೊ ನಗರದ ಒಲಿಂಪಿಕ್ ಕ್ರೀಡೆಗಳಲ್ಲಿ 200 ಮೀಟರ್ ಓಟವನ್ನು ಗೆದ್ದ ಟಾಮಿ ಸ್ಮಿತ್, ಮೂರನೆಯವನಾದ ಜಾನ್ ಕಾರ್ಲೋಸ್ ಇಬ್ಬರೂ ಪದಕವೇದಿಕೆಯ ಮೇಲೆ ಪಾದರಕ್ಷೆಯಿಲ್ಲದೆ ನಿಂತು, ಗೀತೆ ನಡೆಯುತ್ತಿರುವಾಗ ಕಪ್ಪು ಕೈಚೀಲ ತೊಟ್ಟ ಮುಷ್ಟಿಯನ್ನೆತ್ತಿದರು. ಅವರಿಬ್ಬರನ್ನೂ ತಂಡದಿಂದ ಹೊರಕ್ಕೆ ಹಾಕಿದರು. ನನಗೆ ಹೆಚ್ಚಾಗಿ ನೆನಪಾಗುವವನು ಎರಡನೆಯ ಸ್ಥಾನದಲ್ಲಿದ್ದ ಆಸ್ಟ್ರೇಲಿಯದ ಪೀಟರ್ ನಾರ್ಮನ್. ಆತನು ಬಿಳಿಯನು, ಪರದೇಶದವನು. ಮುಷ್ಟಿಯನ್ನೆತ್ತಲಿಲ್ಲ; ಆದರೆ ಅವರು ಧರಿಸಿದ್ದ ಮಾನವಹಕ್ಕುಗಳ ಬಿಲ್ಲೆಯನ್ನು ತಾನೂ ಕೇಳಿ ಧರಿಸಿದನು. ಕಾರ್ಲೋಸನು ತನ್ನ ಕೈಚೀಲಗಳನ್ನು ಮರೆತುಬಂದಿದ್ದಾಗ ಒಂದೇ ಜೊತೆಯನ್ನು ಇಬ್ಬರೂ ಹಂಚಿಕೊಳ್ಳಿರೆಂದು ಉಪಾಯ ಹೇಳಿದವನೂ ಆತನೇ. 2006ರಲ್ಲಿ ಆತನು ತೀರಿಕೊಂಡಾಗ ಸ್ಮಿತ್ ಕಾರ್ಲೋಸರಿಬ್ಬರೂ ಹೋಗಿ ಶವಪೆಟ್ಟಿಗೆಗೆ ಹೆಗಲುಕೊಟ್ಟರು. ಆಸ್ಟ್ರೇಲಿಯದ ಸಂಸತ್ತು ಆತನಿಗೆ ಕ್ಷಮೆ ಕೋರಿದ್ದು 2012ರಲ್ಲಿ, ಸತ್ತು ಆರು ವರ್ಷಗಳಾದ ಮೇಲೆ.

ಇನ್ನು ಗೌರವದ ಲಕ್ಷಣವೇನೆಂಬ ವಿಚಾರಕ್ಕೆ ಬರೋಣ. ಮನಸ್ಸಿನಲ್ಲಿರುವ ಭಾವವು ಶರೀರದಲ್ಲಿ ತೋರಿದರೆ ಅದು ಗೌರವ. ಭಾವವಿಲ್ಲದ ಶರೀರವನ್ನು ಬಲದಿಂದ ನೆಟ್ಟಗೆ ನಿಲ್ಲಿಸಿದರೆ ಅದು ಕವಾಯತು. ಅಮೆರಿಕದ ಸೆನೆಟ್ ಸದಸ್ಯರಾದ ಮೆಕೇನ್ ಮತ್ತು ಫ್ಲೇಕ್ ಎಂಬವರು 2015ರಲ್ಲಿ ಪ್ರಕಟಿಸಿದ ವರದಿಯಿಂದ ಒಂದು ಸ್ವಾರಸ್ಯವು ಬಯಲಾಯಿತು. ಪಂದ್ಯಗಳಲ್ಲಿ ಸೈನಿಕರನ್ನು ಸನ್ಮಾನಿಸುವ ಕೆಲವು ಸಮಾರಂಭಗಳಿಗೆ ರಕ್ಷಣಾ ಇಲಾಖೆಯೇ ತಂಡಗಳಿಗೆ ಹಣ ತೆತ್ತಿತ್ತಂತೆ! ಮರುವರ್ಷ ಫುಟ್‌ಬಾಲ್ ಸಂಘವು 7 ಲಕ್ಷಕ್ಕೂ ಮಿಕ್ಕಿದ ಡಾಲರುಗಳನ್ನು ಹಿಂದಿರುಗಿಸಿತು. ಕೂಲಿಗೆ ಬಂದ ದೇಶಭಕ್ತಿಯನ್ನು ಜನರು ಎದ್ದುನಿಂತು ಮನ್ನಿಸಿದರು, ಕೂಲಿಯನ್ನು ಕಳೆದುಕೊಂಡು ಮಂಡಿಯೂರಿದವನನ್ನು ದ್ರೋಹಿಯೆಂದರು. 2018ರ ಮೇ ತಿಂಗಳಿನಲ್ಲಿ ಅದೇ ಸಂಘವು, ಕಣದಲ್ಲಿರುವವರು ನಿಲ್ಲಲೇಬೇಕು, ಒಪ್ಪದವರು ಉಡುಪಿನ ಕೋಣೆಯಲ್ಲಿಯೇ ಇರಬಹುದು ಎಂದು ವಿಧಿಸಿತು. ಕಾಣದಂತಿದ್ದರೆ ಸಾಕು, ಗೌರವಕ್ಕೆ ಭಂಗವಿಲ್ಲ! ಎರಡು ತಿಂಗಳಿಗೇ ಆ ನಿಯಮವನ್ನು ತಡೆಹಿಡಿಯಬೇಕಾಯಿತು.

ಆ ದೇಶದ ನ್ಯಾಯಾಧೀಶರು ಇದನ್ನು ಎಂದೋ ಕಂಡುಕೊಂಡಿದ್ದರು. ಶಾಲೆಯ ಮಕ್ಕಳನ್ನು ಬಲಾತ್ಕಾರದಿಂದ ಧ್ವಜಕ್ಕೆ ವಂದಿಸುವಂತೆ ಮಾಡಕೂಡದೆಂದು ಅಲ್ಲಿಯ ಶ್ರೇಷ್ಠ ನ್ಯಾಯಾಲಯವು 1943ರ ಜೂನ್ 14ನೆಯ ತಾರೀಖು ತೀರ್ಪಿತ್ತಿತು. ಅದು ಮಹಾಯುದ್ಧದ ಮಧ್ಯಕಾಲ. ಅಲ್ಲದೆ ಅದೇ ದಿವಸ ಅವರ ಧ್ವಜದಿನ. ಮೂರೇ ವರ್ಷಗಳ ಹಿಂದೆ ತಾನೇ ಕೊಟ್ಟಿದ್ದ ತದ್ವಿರುದ್ಧವಾದ ತೀರ್ಪನ್ನು ಆ ನ್ಯಾಯಾಲಯವು ಅಂದು ಬದಿಗಿಟ್ಟಿತು. ನಮ್ಮಲ್ಲಿಯೂ ಇಂತಹ ಪ್ರಸಂಗವೊಂದು ನಡೆಯಿತು. ಕೇರಳದಲ್ಲಿ ಒಂದೇ ಮನೆಯ ಮೂವರು ಮಕ್ಕಳು, ತಮ್ಮ ಮತದ ಕಾರಣದಿಂದ, ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರಾದರೂ ಹಾಡುತ್ತಿರಲಿಲ್ಲ. 1985ರಲ್ಲಿ ಅವರನ್ನು ಶಾಲೆಯಿಂದ ಹೊರಹಾಕಿದರು. ಮರುವರ್ಷ ನಮ್ಮ ಸರ್ವೋಚ್ಚ ನ್ಯಾಯಾಲಯವು, ಮರ್ಯಾದೆಯಿಂದ ನಿಂತವನು ಹಾಡದಿದ್ದ ಮಾತ್ರಕ್ಕೆ ಅವಮಾನವಾಗದೆಂದು ಹೇಳಿ ಮಕ್ಕಳನ್ನು ಮತ್ತೆ ಸೇರಿಸಿಕೊಳ್ಳುವಂತೆ ಆಜ್ಞಾಪಿಸಿತು. ನಾನಾಗ ಕೆಲಸಕ್ಕೆ ಸೇರಿದ ಹೊಸದರಲ್ಲಿದ್ದೆನು. ಪತ್ರಿಕೆಯಲ್ಲಿ ಓದಿ, ನ್ಯಾಯಾಧೀಶರಿಗೆ ಶಾಲೆಯ ಶಿಸ್ತೇನೆಂಬುದು ತಿಳಿಯದೆಂದು ಸಹೋದ್ಯೋಗಿಗಳ ಮುಂದೆ ಜಂಬದಿಂದ ಆಡಿದ್ದು ನೆನಪಿದೆ.

ಮಹಾಭಾರತದ ಸಭಾಪರ್ವವನ್ನು ಮಕ್ಕಳಿಗೆ ಎಷ್ಟೋ ಸಲ ಪಾಠಹೇಳಿದವನು ನಾನು. ದ್ರೌಪದಿಯು ಸಭೆಯ ಮುಂದಿಟ್ಟದ್ದು ಒಂದು ಪ್ರಶ್ನೆ. ಭೀಷ್ಮರು ಧರ್ಮವು ಸೂಕ್ಷ್ಮವೆಂದರು, ಉಳಿದವರು ತಲೆತಗ್ಗಿಸಿದರು. ದುರ್ಯೋಧನನ ತಮ್ಮನಾದ ವಿಕರ್ಣನೊಬ್ಬನು ಎದ್ದು, ಪ್ರಶ್ನೆಗೆ ಉತ್ತರ ಕೊಡಿರೆಂದು ಕೇಳಿದನು. ಸಣ್ಣವನಿಗೆ ದೊಡ್ಡ ಮಾತೇಕೆಂದು ಕರ್ಣನು ಅವನನ್ನು ಗದರಿಸಿದನು. ವಿಕರ್ಣನು ತನ್ನವರನ್ನು ಬಿಟ್ಟುಹೋಗಲಿಲ್ಲ. ಕುರುಕ್ಷೇತ್ರದಲ್ಲಿ ಅವರ ಪಕ್ಷದಲ್ಲಿಯೇ ನಿಂತು ಭೀಮನ ಕೈಯಲ್ಲಿ ಸತ್ತನು. ಕೊಂದ ಭೀಮನೇ ಅವನಿಗಾಗಿ ಮರುಗಿದನು. ಸಭೆಯಲ್ಲಿ ಕುರುಕುಲದ ಗೌರವವನ್ನು ಕಾಪಾಡಿದವರು ಸುಮ್ಮನೆ ಕುಳಿತ ಹಿರಿಯರೋ, ಮರ್ಯಾದೆ ಮೀರಿದನೆನ್ನಿಸಿಕೊಂಡ ಈ ಹುಡುಗನೋ? ಪಾಠ ಹೇಳುವಾಗ ನಾನು ಧಾರಾಳವಾಗಿ ಹುಡುಗನ ಪಕ್ಷವನ್ನು ವಹಿಸುತ್ತಿದ್ದೆನು.

2020ರ ಮೇ 25ರಂದು ಮಿನಿಯಾಪೊಲಿಸ್ ನಗರದಲ್ಲಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ಮನುಷ್ಯನ ಕತ್ತಿನ ಮೇಲೆ ಪೊಲೀಸನೊಬ್ಬನು ಒಂಬತ್ತು ನಿಮಿಷಗಳಿಗೂ ಹೆಚ್ಚು ಹೊತ್ತು ಮೊಣಕಾಲನ್ನೂರಿ ಕೊಂದನು. ಅನಂತರ ಮಂಡಿಯೂರುವುದೇ ಒಂದು ರೂಢಿಯಾಯಿತು. ಶಾಸನಸಭೆಯ ಮುಖಂಡರೂ ಭಾವಚಿತ್ರಗಾರರ ಮುಂದೆ ಊರಿದರು. ಪಾದರಕ್ಷೆ ಮಾರುವ ನೈಕಿ ಕಂಪನಿಯಂತೂ 2018ರಲ್ಲಿಯೇ ಕೆಪರ್ನಿಕನ ಮುಖವನ್ನು ತನ್ನ ಜಾಹೀರಾತಿಗೆ ಹಾಕಿತ್ತು. ಅಪಾಯವಿದ್ದಾಗ ಒಬ್ಬನು ಮಾಡಿದ್ದನ್ನು ಅಪಾಯವಿಲ್ಲದಾಗ ಸಾವಿರ ಜನ ಮಾಡಿದರೆ ಎರಡೂ ಒಂದೇ ಕೆಲಸವೆಂದು ನಾನು ಒಪ್ಪಲಾರೆ. ಜೂನ್ ತಿಂಗಳಿನಲ್ಲಿ ಫುಟ್‌ಬಾಲ್ ಸಂಘದ ಮುಖ್ಯಾಧಿಕಾರಿಯಾದ ರೋಜರ್ ಗುಡೆಲ್ ಎಂಬವರು, ಆಟಗಾರರ ಮಾತನ್ನು ಮೊದಲೇ ಕೇಳದಿದ್ದುದು ತಮ್ಮ ತಪ್ಪೆಂದು ಒಪ್ಪಿಕೊಂಡರು. ಯಾರ ಮಾತನ್ನು ಕೇಳಲಿಲ್ಲವೋ ಆತನ ಹೆಸರನ್ನು ಮಾತ್ರ ಅಂದು ಎತ್ತಲಿಲ್ಲ.

ಕೇಳದಿದ್ದುದು ತಪ್ಪೆಂಬ ಆ ಮಾತನ್ನು ಓದಿದಾಗಲೇ ನನ್ನ ಮನೆಯ ಬಾಗಿಲು ತಟ್ಟಿದಂತಾದುದು. ಸುಮಾರು ಇಪ್ಪತ್ತು ವರ್ಷಗಳ ಹಿಂದೆ ನಾನು ಒಂದು ಪ್ರೌಢಶಾಲೆಯ ಮುಖ್ಯೋಪಾಧ್ಯಾಯನಾಗಿದ್ದೆನು. ಎಂಟನೆಯ ತರಗತಿಯ ಒಬ್ಬ ಹುಡುಗನು ಬೆಳಗಿನ ಪ್ರಾರ್ಥನೆಯಲ್ಲಿ ರಾಷ್ಟ್ರಗೀತೆಗೆ ಬಾಯಿ ತೆರೆಯುವುದಿಲ್ಲವೆಂದು ಡ್ರಿಲ್ ಮೇಷ್ಟರು ಬಂದು ಹೇಳಿದರು. ಮರುದಿನ ನೋಡಿದೆನು. ಕೈಗಳನ್ನು ಇಳಿಬಿಟ್ಟು ನೆಟ್ಟಗೆ ನಿಂತಿದ್ದನು. ತುಟಿಗಳು ಮಾತ್ರ ಮುಚ್ಚಿದ್ದವು. ಮುನ್ನೂರು ಮಕ್ಕಳ ಮುಂದೆ, ‘ಏಕೋ, ನಿನ್ನ ಬಾಯಿಗೆ ಏನಾಗಿದೆಯೋ?’ ಎಂದು ಗದರಿದೆನು. ವ್ಯಾಕರಣದ ಪ್ರಕಾರ ಅದು ಪ್ರಶ್ನಾರ್ಥಕವಾಕ್ಯ. ಉತ್ತರವನ್ನು ಬಯಸಿ ಆಡಿದ್ದಲ್ಲವೆಂಬುದು ನನಗೂ ಗೊತ್ತಿತ್ತು, ಹುಡುಗನಿಗೂ ಗೊತ್ತಾಯಿತು. ಅವನು ಸುಮ್ಮನಿದ್ದನು. ಮೂರು ದಿವಸ ಮೊದಲ ಪಾಠ ಮುಗಿಯುವವರೆಗೂ ಅವನನ್ನು ಧ್ವಜಸ್ತಂಭದ ಬುಡದಲ್ಲಿ ಬಿಸಿಲಿಗೆ ನಿಲ್ಲಿಸಿದೆನು. ಸರ್ವೋಚ್ಚ ನ್ಯಾಯಾಲಯದ ತೀರ್ಪು ಹೊರಬಿದ್ದು ಆಗಲೇ ಬಹಳ ವರ್ಷಗಳಾಗಿದ್ದವು. ಅದನ್ನು ಓದಿದವನೇ ನಾನು.

ನಾಲ್ಕನೆಯ ದಿನ ಅವನ ತುಟಿಗಳು ಆಡಿದವು. ಉಪಾಧ್ಯಾಯರ ಕೋಣೆಯಲ್ಲಿ ಇದನ್ನು ನಾನು ಗೆಲವಿನಂತೆ ಹೇಳಿಕೊಂಡೆನು. ಅವನು ಹತ್ತನೆಯ ತರಗತಿಯನ್ನು ಮುಗಿಸಿ, ಹೋಗುವ ದಿನ ಎಲ್ಲರಂತೆ ಬಂದು ಕಾಲುಮುಟ್ಟಿ ನಮಸ್ಕರಿಸಿ ಹೊರಟುಹೋದನು. ಮೊದಲು ಏಕೆ ಹಾಡುತ್ತಿರಲಿಲ್ಲವೆಂಬುದು ನನಗೆ ಇಂದಿಗೂ ತಿಳಿಯದು. ಆಮೇಲಿನ ಎರಡು ವರ್ಷಗಳಲ್ಲಿಯಾದರೂ ಆಡುತ್ತಿದ್ದ ಆ ತುಟಿಗಳಲ್ಲಿ ಸ್ವರವಿದ್ದಿತೋ ಇಲ್ಲವೋ, ಒಂದು ದಿನವೂ ನಾನು ಹತ್ತಿರಹೋಗಿ ಕೇಳಲಿಲ್ಲ.