ಒಂದೇ ಒಲೆಯ ಮಂದಿ

ಜತ್ತ ಸೀಮೆಯ ಸೊರಡಿ ಊರಿನ ಕಡೆ ಹಿಂಗಾರಿ ಜೋಳ ಬಿತ್ತುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಒಂದೇ ಚೀಲದ ಬೀಜ ಎರಿ ಹೊಲದಲ್ಲಿ ಆಳೆತ್ತರ ಬೆಳೆದರೆ, ಮಡ್ಡಿಯಲ್ಲಿ ಮೊಣಕಾಲು ಮುಟ್ಟುವುದಿಲ್ಲ. ಆಗ ಯಾರೂ ಬೀಜವನ್ನು ಬೈಯುವುದಿಲ್ಲ. ಮನುಷ್ಯನ ವಿಷಯಕ್ಕೆ ಬಂದಾಗ ಮಾತ್ರ ನಾಲಿಗೆ ಹೊರಳುತ್ತದೆ. ಒಂದೇ ಮಳೆಯಲ್ಲಿ ತೊಯ್ದ ಅಣ್ಣತಮ್ಮಂದಿರಲ್ಲಿ ಒಬ್ಬ ಜ್ವರ ಹಿಡಿದು ಮಲಗಿದರೆ, ‘ಅವನ ರಕ್ತಾನ ಹಂಗ’ ಅಂದುಬಿಡುತ್ತೇವೆ.

ರಕ್ತ ಹೇಳುವುದೇ ಬೇರೆ. 2015ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 105 ಅವಳಿ ಜೋಡಿಗಳ ರಕ್ತ ತೆಗೆದು, ರೋಗ ತಡೆಯುವ ವ್ಯವಸ್ಥೆಯನ್ನು 204 ಬಗೆಯಲ್ಲಿ ಅಳೆದರು. ಮುಕ್ಕಾಲಿಗಿಂತ ಹೆಚ್ಚು ಅಳತೆಗಳಲ್ಲಿ ಹುಟ್ಟಿನಿಂದ ಬಂದದ್ದಕ್ಕಿಂತ ಬಾಳಿನಲ್ಲಿ ಸೇರಿದ್ದೇ ಮೇಲುಗೈ. ಹಾಗೆಂದು ಹುಟ್ಟಿನ ಪಾಲು ಸುಳ್ಳಲ್ಲ. ಪ್ಯಾರಿಸ್ಸಿನ ಪಾಸ್ಚರ್ ಸಂಸ್ಥೆ 1,000 ಆರೋಗ್ಯವಂತರ ರಕ್ತ ನೋಡಿ 2018ರಲ್ಲಿ ಹೇಳಿದ್ದು ಇದು: ಸೋಂಕಿನ ಮೊದಲ ಏಟು ತಡೆಯುವ ಕಣಗಳ ಮೇಲೆ ವಂಶವಾಹಿಗಳ ಹಿಡಿತ ಹೆಚ್ಚು, ಕಂಡ ರೋಗವನ್ನು ನೆನಪಿಡುವ ಕಣಗಳ ಮೇಲೆ ವಯಸ್ಸು, ಹಳೆಯ ಸೋಂಕು, ಹೊಗೆಯಂಥವುಗಳದ್ದು.

ನನ್ನನ್ನು ಹೆಚ್ಚು ಕಾಡಿದ್ದು 2016ರ ಇನ್ನೊಂದು ಅಧ್ಯಯನ. ಬೆಲ್ಜಿಯಂ, ಬ್ರಿಟನ್ನಿನ ಸಂಶೋಧಕರು 670 ಜನರನ್ನು ಪರೀಕ್ಷಿಸಿದಾಗ, ಕೂಡಿ ಮಕ್ಕಳನ್ನು ಬೆಳೆಸುತ್ತಿದ್ದ ಗಂಡಹೆಂಡಿರ ರೋಗ ತಡೆಯುವ ಕಣಗಳಲ್ಲಿ, ಸಂಬಂಧವಿಲ್ಲದ ಇಬ್ಬರಲ್ಲಿ ಕಾಣುವ ವ್ಯತ್ಯಾಸದ ಅರ್ಧದಷ್ಟೇ ಇತ್ತು. ಕುಲ, ಬೆಡಗು ಕೇಳಿ ಸೊಸೆ ತರುತ್ತೇವೆ. ಬಂದವಳು ಒಂದೇ ಒಲೆಯ ರೊಟ್ಟಿ, ಒಂದೇ ಕೊಡದ ನೀರು, ಒಂದೇ ಮಗುವಿನ ನೆಗಡಿ ಹಂಚಿಕೊಂಡು ನಮ್ಮವಳಾಗುತ್ತಾಳೆ. ನೆಂಟಸ್ತನ ಒಲೆಯ ಮುಂದೆಯೂ ಹುಟ್ಟುತ್ತದೆ.

ಹಾಗಾದರೆ ‘ಅವರವರ ಚಟ, ಅವರವರ ಪಾಡು’ ಎಂದು ಕೈತೊಳೆದುಕೊಳ್ಳಬಹುದೇ? ಬೀಡಿಯ ಲೆಕ್ಕ ನಿಜವೇ. ಸೇದುವುದು ಬಿಟ್ಟು ವರ್ಷಗಳಾದರೂ ನೆನಪಿನ ಕಣಗಳು ಆ ಹೊಗೆಯ ಗುರುತು ಉಳಿಸಿಕೊಂಡಿರುತ್ತವೆಂದು ಅದೇ ಪಾಸ್ಚರ್ ಸಂಸ್ಥೆ 2024ರಲ್ಲಿ ತೋರಿಸಿತು. ಆದರೆ ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ಹೊಗೆ ಕುಡಿದ ಅವ್ವ ಅದನ್ನು ಬಯಸಿದ್ದಳೇ? ಜತ್ತದ ಬರಕ್ಕೆ ಬೆದರಿ ಕಬ್ಬು ಕಡಿಯಲು ಹೋದವರ ಮಕ್ಕಳು ಗದ್ದೆಯಂಚಿನ ಗುಡಿಸಲನ್ನು ಆರಿಸಿಕೊಂಡರೇ? ಜೀವನಶೈಲಿ ಎಂಬುದು ಬಡವನಿಗೆ ಬಹುಪಾಲು ಬೇರೆಯವರು ಬರೆದುಕೊಟ್ಟ ಪಾಲುಪತ್ರ.

ಬೆಳೆ ಹಳದಿಗಟ್ಟಿದರೆ ರೈತ ಮೊದಲು ಕುಕ್ಕರಗಾಲಲ್ಲಿ ಕುಳಿತು, ಮಣ್ಣು ಕೆದರಿ ತೇವ ನೋಡುತ್ತಾನೆ. ಮಗ್ಗುಲ ಮನೆಯವನು ಮತ್ತೆ ಮತ್ತೆ ಹಾಸಿಗೆ ಹಿಡಿದಾಗ, ಅವನ ವಂಶ ಕೆದಕುವ ಮೊದಲು ನಾವೂ ಅವನ ಒಲೆಯನ್ನು, ನೀರಿನ ಕೊಡವನ್ನು ನೋಡಿ ಬರಬೇಕು.